ನೀರಿಗೆ ಆಮ್ಲವೇ ಹೊರತು ಆಮ್ಲಕ್ಕೆ ನೀರಲ್ಲ

ನಮ್ಮ ಶಾಲೆಯ ಪ್ರಯೋಗಶಾಲೆಯನ್ನು ಪ್ರವೇಶಿಸಿದೊಡನೆ ಎದುರಿನ ಗೋಡೆಯ ಮೇಲೆ ಒಂದು ಕರಿಯ ಹಲಗೆ ಕಣ್ಣಿಗೆ ಬೀಳುತ್ತದೆ. ಅದರ ಮೇಲೆ ಬಿಳಿಯ ಬಣ್ಣದಲ್ಲಿ “ನೀರಿಗೆ ಆಮ್ಲ, ಆಮ್ಲಕ್ಕೆ ನೀರು ಎಂದಿಗೂ ಕೂಡದು” ಎಂದು ಬರೆದಿದೆ. ಹಲಗೆಯ ಕೆಳಗೆ ನೀರು ತುಂಬಿದ ಒಂದು ನೀಲಿ ಬಕೆಟ್ಟು ಇದೆ. ಒಂಬತ್ತನೆಯ ತರಗತಿಗೆ ಬಂದ ಪ್ರತಿಯೊಬ್ಬ ವಿದ್ಯಾರ್ಥಿಯೂ ಆ ವಾಕ್ಯವನ್ನು ಮೊದಲ ವಾರದಲ್ಲಿಯೇ ಬಾಯಿಪಾಠ ಮಾಡಿಬಿಡುತ್ತಾನೆ. ಪರೀಕ್ಷೆಯಲ್ಲಿ ಕೇಳಿದರೆ ಒಂದಕ್ಷರವೂ ತಪ್ಪದಂತೆ ಬರೆಯುತ್ತಾನೆ. ಆದರೆ ಕಳೆದ ವರ್ಷ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ನನ್ನನ್ನು ಹೀಗೆ ಕೇಳಿದಳು: “ಸರ್, ಮಜ್ಜಿಗೆಗೆ ನೀರು ಬೆರೆಸಿದರೂ ಅಷ್ಟೆ, ನೀರಿಗೆ ಮಜ್ಜಿಗೆ ಬೆರೆಸಿದರೂ ಅಷ್ಟೆ. ಕೊನೆಗೆ ಪಾತ್ರೆಯಲ್ಲಿ ಉಳಿಯುವುದು ಒಂದೇ ಪದಾರ್ಥ. ಹಾಗಿರುವಾಗ ಆಮ್ಲದ ವಿಷಯದಲ್ಲಿ ಮಾತ್ರ ಯಾವುದು ಮೊದಲು, ಯಾವುದು ಆಮೇಲೆ ಎಂಬ ಕಟ್ಟುಪಾಡು ಯಾತಕ್ಕೆ?”

ಪ್ರಶ್ನೆ ಬಹಳ ಯೋಗ್ಯವಾದುದು. ನಾನು ಉತ್ತರ ಹೇಳಲು ಆರಂಭಿಸಿ ಅರ್ಧಕ್ಕೆ ಬರುವಷ್ಟರಲ್ಲಿ ಗಂಟೆ ಬಾರಿಸಿತು. ಮರುದಿನ ಬೇರೆ ಪಾಠ, ಅದರ ಮರುದಿನ ಪರೀಕ್ಷೆ. ಹೀಗೆ ಆ ಉತ್ತರ ನನ್ನ ಮೇಲೆ ಸಾಲವಾಗಿಯೇ ಉಳಿಯಿತು. ಶಾಲೆಯ ಈ ವಾರ್ಷಿಕ ಸಂಚಿಕೆಯಲ್ಲಿ ಅದನ್ನು ತೀರಿಸಲು ಯತ್ನಿಸುತ್ತೇನೆ.

ಮೊದಲು ಎರಡು ಶಬ್ದಗಳ ಗೊಂದಲವನ್ನು ಬಿಡಿಸಿಕೊಳ್ಳಬೇಕು. ಮಾತಿನ ಭರದಲ್ಲಿ ನಾವು ಎಲ್ಲ ಉಗ್ರವಾದ ಆಮ್ಲಗಳನ್ನೂ ‘ಪ್ರಬಲ ಆಮ್ಲ’ ಎಂದು ಕರೆದುಬಿಡುತ್ತೇವೆ. ರಸಾಯನಶಾಸ್ತ್ರದಲ್ಲಿ ಪ್ರಬಲ ಎಂಬುದು ಒಂದು ಗುಣ, ದಟ್ಟ ಎಂಬುದು ಮತ್ತೊಂದು. ನೀರಿನಲ್ಲಿ ಬೆರೆತಾಗ ಹೆಚ್ಚುಕಡಿಮೆ ಪೂರ್ತಿಯಾಗಿ ಅಯಾನುಗಳಾಗಿ ಒಡೆಯುವ ಆಮ್ಲವು ಪ್ರಬಲ ಆಮ್ಲ. ಅಲ್ಪಸ್ವಲ್ಪವಾಗಿ ಮಾತ್ರ ಒಡೆಯುವುದು ದುರ್ಬಲ ಆಮ್ಲ. ಇದು ಆಯಾ ಆಮ್ಲದ ಹುಟ್ಟುಗುಣ. ನೀರು ಬೆರೆಸಿದ ಮಾತ್ರಕ್ಕೆ ಪ್ರಬಲ ಆಮ್ಲವು ದುರ್ಬಲ ಆಮ್ಲಗಳ ಜಾತಿಗೆ ಸೇರುವುದಿಲ್ಲ. ಬಾಟಲಿಯಲ್ಲಿ ಆಮ್ಲವೆಷ್ಟು, ನೀರೆಷ್ಟು ಎಂಬುದನ್ನು ಹೇಳುವ ಮಾತು ಬೇರೆ. ಆಮ್ಲ ಹೆಚ್ಚಾಗಿ ನೀರು ಕಡಿಮೆಯಾಗಿದ್ದರೆ ಅದು ಸಾರೀಕೃತ, ಎಂದರೆ ದಟ್ಟ ಆಮ್ಲ. ನೀರೇ ಹೆಚ್ಚಾಗಿದ್ದರೆ ಸಾರರಿಕ್ತ, ಎಂದರೆ ತೆಳು ಆಮ್ಲ. ನಮ್ಮ ಜಠರದಲ್ಲಿ ಅನ್ನವನ್ನು ಅರಗಿಸಲು ನೆರವಾಗುವ ಹೈಡ್ರೊಕ್ಲೋರಿಕ್ ಆಮ್ಲವು ಪ್ರಬಲವೇ, ಆದರೆ ತೆಳು. ಉಪ್ಪಿನಕಾಯಿಗೆ ಬಳಸುವ ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲವು ದುರ್ಬಲ ಜಾತಿಯದು. ಆದರೂ ಅದನ್ನೇ ನೀರಿಲ್ಲದಂತೆ ದಟ್ಟವಾಗಿ ಬಾಟಲಿಯಲ್ಲಿ ತುಂಬಿಟ್ಟರೆ ಚರ್ಮವನ್ನು ಸುಡದೆ ಬಿಡದು. ದೆಹಲಿಯಂತಹ ಊರಿನ ಚಳಿಗಾಲದಲ್ಲಿ ಆ ದಟ್ಟ ಅಸಿಟಿಕ್ ಆಮ್ಲವು ಬಾಟಲಿಯಲ್ಲಿಯೇ ಮಂಜುಗಡ್ಡೆಯಂತೆ ಹೆಪ್ಪುಗಟ್ಟುವುದುಂಟು, ಏಕೆಂದರೆ ಅದರ ಹೆಪ್ಪುಬಿಂದು ಸುಮಾರು ೧೬.೬ ಡಿಗ್ರಿ ಸೆಂಟಿಗ್ರೇಡು. ಇರಲಿ. ನಮ್ಮ ಹಲಗೆಯ ಮಾತು ಮುಖ್ಯವಾಗಿ ಅನ್ವಯಿಸುವುದು ಪ್ರಬಲವೂ ಹೌದು, ದಟ್ಟವೂ ಹೌದು ಎಂಬಂತಹ ಆಮ್ಲಗಳಿಗೆ. ಅವುಗಳಲ್ಲಿಯೂ ಮೊದಲನೆಯ ಸ್ಥಾನ ಗಂಧಕಾಮ್ಲಕ್ಕೆ. ನಿಮ್ಮ ಪಠ್ಯಪುಸ್ತಕವು ಇದನ್ನೇ ಸಲ್ಫ್ಯೂರಿಕ್ ಆಮ್ಲವೆಂದು ಕರೆಯುತ್ತದೆ.

ಗಂಧಕಾಮ್ಲದ ಬಾಟಲಿಯನ್ನು ಮೊದಲ ಸಲ ಎತ್ತಿದವರಿಗೆ ಅದರ ಭಾರವೇ ಒಂದು ಆಶ್ಚರ್ಯ. ಒಂದು ಲೀಟರು ನೀರಿನ ತೂಕ ಒಂದು ಕಿಲೋಗ್ರಾಂ. ಒಂದು ಲೀಟರು ದಟ್ಟ ಗಂಧಕಾಮ್ಲದ ತೂಕ ೧.೮೪ ಕಿಲೋಗ್ರಾಂ. ತೂಕದಲ್ಲಿ ನೂರಕ್ಕೆ ೯೮ ಪಾಲು ಶುದ್ಧ ಆಮ್ಲ, ಉಳಿದ ಎರಡು ಪಾಲು ಮಾತ್ರ ನೀರು. ಬಣ್ಣವಿಲ್ಲ, ವಾಸನೆಯಿಲ್ಲ, ಬಾಟಲಿಯನ್ನು ವಾಲಿಸಿದರೆ ಎಣ್ಣೆಯಂತೆ ನಿಧಾನವಾಗಿ ಹರಿಯುತ್ತದೆ. ಹಿಂದೆ ಯುರೋಪಿನ ರಸವಾದಿಗಳು ಅನ್ನಭೇದಿಯನ್ನು ಕಾಯಿಸಿ ಇದನ್ನು ಇಳಿಸುತ್ತಿದ್ದರಾದುದರಿಂದ ಅಲ್ಲಿ ಇದಕ್ಕೆ ‘ವಿಟ್ರಿಯಲ್ ಎಣ್ಣೆ’ ಎಂಬ ಹೆಸರೇ ಇದ್ದಿತು. ೧೭೪೬ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಜಾನ್ ರೋಬಕ್ ಎಂಬಾತನು ಸೀಸದ ಕೋಣೆಗಳಲ್ಲಿ ಇದನ್ನು ಹೇರಳವಾಗಿ ತಯಾರಿಸತೊಡಗಿದನು. ೧೮೩೧ರಲ್ಲಿ ಪೆರೆಗ್ರಿನ್ ಫಿಲಿಪ್ಸ್ ಎಂಬಾತನು ಇಂದಿನ ಸಂಪರ್ಕ ವಿಧಾನಕ್ಕೆ ಹಕ್ಕುಪತ್ರ ಪಡೆದನು. ಗೊಬ್ಬರ, ಬಣ್ಣ, ಬ್ಯಾಟರಿ ಎಂದು ಇದರ ಉಪಯೋಗಗಳನ್ನು ಎಣಿಸುತ್ತ ಕುಳಿತರೆ ಈ ಲೇಖನ ಅಲ್ಲಿಯೇ ಮುಗಿದೀತು.

ನಮಗೆ ಬೇಕಾದ ಗುಣ ಒಂದೇ: ಈ ಆಮ್ಲಕ್ಕೆ ನೀರಿನ ಮೇಲೆ ಅಪಾರ ದಾಹ. ಒಂದು ತೆರೆದ ಬೀಕರಿನಲ್ಲಿ ಇಟ್ಟರೆ ಗಾಳಿಯಲ್ಲಿರುವ ತೇವವನ್ನೇ ಹೀರಿಕೊಂಡು ದಿನದಿನಕ್ಕೆ ಅದರ ತೂಕ ಹೆಚ್ಚುತ್ತದೆ. ಸಕ್ಕರೆಯ ಮೇಲೆ ಹೊಯ್ದರೆ, ಸಕ್ಕರೆಯಲ್ಲಿ ನೀರು ನೀರಾಗಿ ಇಲ್ಲದಿದ್ದರೂ ಸಹ, ಅದರಲ್ಲಿರುವ ಜಲಜನಕ ಮತ್ತು ಆಮ್ಲಜನಕಗಳನ್ನು ನೀರಿನ ರೂಪದಲ್ಲಿ ಕಿತ್ತುಕೊಂಡು, ಕರಿಯ ಇದ್ದಿಲಿನ ಗುಪ್ಪೆಯೊಂದನ್ನು ಮೇಲಕ್ಕೆಬ್ಬಿಸುತ್ತದೆ. ಈ ಪ್ರಯೋಗವನ್ನು ನೀವು ನೋಡಿದ್ದೀರಿ. ಬೀಕರಿನಿಂದ ಆವಿ ಏಳುತ್ತಿದ್ದುದನ್ನೂ, ಅದು ಮುಟ್ಟಲಾಗದಷ್ಟು ಬಿಸಿಯಾಗಿದ್ದುದನ್ನೂ ಸ್ಮರಿಸಿಕೊಳ್ಳಿರಿ. ನೀರನ್ನು ಸೇರುವಾಗ ಗಂಧಕಾಮ್ಲವು ಉಷ್ಣವನ್ನು ಹೊರಗೆಡಹುತ್ತದೆ. ಆಮ್ಲದ ಅಣುವು ತನ್ನ ಜಲಜನಕದ ಅಯಾನನ್ನು ನೀರಿನ ಅಣುವಿಗೆ ಒಪ್ಪಿಸುತ್ತದೆ. ಹಾಗೆ ಹುಟ್ಟಿದ ಅಯಾನುಗಳನ್ನು ನೀರಿನ ಇತರ ಅಣುಗಳು ಸುತ್ತುವರಿದು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಈ ಹೊಸ ಬಂಧನದಲ್ಲಿ ಬಿಡುಗಡೆಯಾದ ಶಕ್ತಿಯೇ ಬಿಸಿಯಾಗಿ ಪ್ರಕಟವಾಗುವುದು. ಮಜ್ಜಿಗೆಗೂ ಆಮ್ಲಕ್ಕೂ ಇರುವ ವ್ಯತ್ಯಾಸ ಇಲ್ಲಿಂದಲೇ ಪ್ರಾರಂಭ: ಮಜ್ಜಿಗೆ ನೀರಿನೊಡನೆ ಬೆರೆತಾಗ ಲೆಕ್ಕಕ್ಕೆ ಹಿಡಿಯುವಂತಹ ಉಷ್ಣ ಹುಟ್ಟುವುದಿಲ್ಲ.

ಆದರೆ ಪ್ರಶ್ನೆ ಇನ್ನೂ ಹಾಗೆಯೇ ಇದೆ. ಉಷ್ಣವು ಎರಡು ರೀತಿಯಲ್ಲಿ ಬೆರೆಸಿದಾಗಲೂ ಹುಟ್ಟುತ್ತದೆಯಷ್ಟೆ? ಹೌದು, ಹುಟ್ಟುತ್ತದೆ. ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಲೆಕ್ಕವೆಂದು ಪುಟ ತಿರುಗಿಸಬೇಡಿರಿ, ಇದು ಬಹಳ ಸುಲಭವಾದುದು.

ನೂರು ಮಿಲಿಲೀಟರು ನೀರಿಗೆ ಒಂದು ಮಿಲಿಲೀಟರು ದಟ್ಟ ಗಂಧಕಾಮ್ಲವನ್ನು ಹಾಕಿದೆವೆನ್ನಿ. ಹುಟ್ಟುವ ಉಷ್ಣ ಸುಮಾರು ೧,೩೦೦ ಜೂಲ್. ಆ ಉಷ್ಣವನ್ನು ಹಂಚಿಕೊಳ್ಳಲು ಸುತ್ತಲೂ ನೂರು ಗ್ರಾಂ ನೀರು ಇದೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿಮಾಡಲು ೪.೧೮ ಜೂಲ್ ಬೇಕು. ಆದಕಾರಣ ಇಡೀ ಪಾತ್ರೆಯ ಉಷ್ಣತೆ ಏರುವುದು ಮೂರು ಡಿಗ್ರಿಯಷ್ಟು ಮಾತ್ರ. ಬೆರಳಿಗೆ ಗೊತ್ತಾಗುವುದೂ ಕಷ್ಟ. ಈಗ ಇದನ್ನು ತಿರುಗುಮುರುಗು ಮಾಡೋಣ: ನೂರು ಮಿಲಿಲೀಟರು ದಟ್ಟ ಆಮ್ಲಕ್ಕೆ ಒಂದು ಮಿಲಿಲೀಟರು ನೀರು. ಇಲ್ಲಿಯೂ ಹುಟ್ಟುವ ಉಷ್ಣ ಒಂದೂವರೆ ಸಾವಿರದಿಂದ ಎರಡು ಸಾವಿರ ಜೂಲ್‌ಗಳ ಸುಮಾರು, ಎಂದರೆ ಬಹಳ ದೊಡ್ಡ ವ್ಯತ್ಯಾಸವೇನೂ ಇಲ್ಲ. ವ್ಯತ್ಯಾಸವಿರುವುದು ಆ ಉಷ್ಣವನ್ನು ಹೊರುವವರು ಯಾರು ಎಂಬುದರಲ್ಲಿ. ಅದು ಹುಟ್ಟುವುದು ನೀರಿನ ಹನಿಯೂ ಆಮ್ಲವೂ ಕೂಡುವ ಎಡೆಯಲ್ಲಿ, ಕ್ಷಣಮಾತ್ರದಲ್ಲಿ. ಸುತ್ತಲಿನ ಆಮ್ಲಕ್ಕೆ ಹಂಚಿಕೆಯಾಗಲು ಅವಕಾಶವೇ ಇಲ್ಲ. ಒಂದು ಗ್ರಾಂ ನೀರನ್ನು ೨೫ ಡಿಗ್ರಿಯಿಂದ ಕುದಿಯುವ ೧೦೦ ಡಿಗ್ರಿಯವರೆಗೆ ಏರಿಸಲು ಸುಮಾರು ೩೧೫ ಜೂಲ್ ಸಾಕು. ಇಲ್ಲಿ ಅದರ ಐದಾರು ಪಟ್ಟು ಉಷ್ಣ ಒಂದೇ ಕಡೆ ಬಂದು ಬಿದ್ದಿರುತ್ತದೆ. ಹನಿಯ ಒಂದು ಭಾಗವು ಆಮ್ಲದಲ್ಲಿ ಬೆರೆಯುವ ಮೊದಲೇ ಕುದಿದು ಆವಿಯಾಗುತ್ತದೆ. ಒಂದು ಮಿಲಿಲೀಟರು ನೀರು ಪೂರ್ತಿ ಆವಿಯಾದರೆ ಸುಮಾರು ೧,೭೦೦ ಮಿಲಿಲೀಟರು ಜಾಗವನ್ನು ಆಕ್ರಮಿಸುತ್ತದೆಂಬುದನ್ನು ನೀವು ಭೌತಶಾಸ್ತ್ರದಲ್ಲಿ ಓದಿದ್ದೀರಿ. ಅದರ ಹತ್ತನೆಯ ಒಂದು ಪಾಲು ಆವಿಯಾದರೂ ಸಾಕು, ಆ ಆವಿ ಹೊರಬೀಳುವ ರಭಸಕ್ಕೆ ಸುತ್ತಲಿನ ಆಮ್ಲದ ಹನಿಗಳು ಮುಖದ ಎತ್ತರಕ್ಕೆ ಸಿಡಿಯುತ್ತವೆ. ಹೀಗೆ ಸಿಡಿಯುವುದು ನೀರಲ್ಲ, ದಟ್ಟ ಆಮ್ಲ. ಅದೂ ಬಿಸಿಯಾದ ಆಮ್ಲ.

ಅಡುಗೆಯ ಮನೆಯಲ್ಲಿ ಇಂತಹುದನ್ನೇ ನೀವು ದಿನಾಲೂ ನೋಡುತ್ತೀರಿ. ಬಾಣಲೆಯಲ್ಲಿ ಎಣ್ಣೆ ಚೆನ್ನಾಗಿ ಕಾದಿರುವಾಗ ಒದ್ದೆ ಕೈಯಿಂದ ಒಂದು ಹನಿ ನೀರು ಜಾರಿ ಬಿದ್ದರೆ ಚಟಚಟನೆ ಎಣ್ಣೆ ಸಿಡಿಯುತ್ತದೆ. ಅಲ್ಲಿ ಉಷ್ಣವನ್ನು ಒಲೆ ಕೊಟ್ಟಿತ್ತು. ಇಲ್ಲಿ ಉಷ್ಣವನ್ನು ಆ ಎರಡು ದ್ರವಗಳೇ ತಮ್ಮಲ್ಲಿ ಹುಟ್ಟಿಸಿಕೊಳ್ಳುತ್ತವೆ. ಅಷ್ಟೇ ಭೇದ.

ಇನ್ನೆರಡು ಸಂಗತಿಗಳು ಈ ಅಪಾಯಕ್ಕೆ ಕೈಜೋಡಿಸುತ್ತವೆ. ಮೊದಲನೆಯದು ಭಾರ. ನೀರು ಹಗುರವಾದುದರಿಂದ ಆಮ್ಲದ ಮೇಲೆ ಸುರಿದಾಗ ಕೆಳಗಿಳಿಯದೆ ಮೇಲೆಯೇ ತೇಲುತ್ತದೆ. ಕುದಿತವೆಲ್ಲ ಪಾತ್ರೆಯ ಬಾಯಿಯ ಬಳಿಯಲ್ಲಿಯೇ ನಡೆಯುತ್ತದೆ. ಇದಕ್ಕೆ ವಿರುದ್ಧವಾಗಿ ಆಮ್ಲವನ್ನು ನೀರಿಗೆ ಸುರಿದರೆ ಅದು ತನ್ನ ಭಾರದಿಂದ ಕೆಳಗಿಳಿಯುತ್ತ, ದಾರಿಯುದ್ದಕ್ಕೂ ನೀರಿನೊಡನೆ ಬೆರೆಯುತ್ತ ಹೋಗುತ್ತದೆ. ಎರಡನೆಯದು, ಗಂಧಕಾಮ್ಲವು ಉಷ್ಣವನ್ನು ಹಿಡಿದಿಟ್ಟುಕೊಳ್ಳುವುದರಲ್ಲಿ ನೀರಿಗಿಂತ ಬಹಳ ಬಡವ. ಒಂದು ಗ್ರಾಂ ಆಮ್ಲವನ್ನು ಒಂದು ಡಿಗ್ರಿ ಬಿಸಿಮಾಡಲು ನೀರಿಗೆ ಬೇಕಾಗುವ ಉಷ್ಣದ ಮೂರನೆಯ ಒಂದು ಪಾಲು ಸಾಕು. ನೀರಿನ ಕೊಳವು ಉಷ್ಣವನ್ನು ನುಂಗಿ ಸುಮ್ಮನಿರಬಲ್ಲುದು. ಆಮ್ಲದ ಕೊಳಕ್ಕೆ ಆ ತಾಳ್ಮೆ ಇಲ್ಲ.

ಇಲ್ಲಿ ಚುರುಕಾದ ವಿದ್ಯಾರ್ಥಿಯೊಬ್ಬನು ಆಕ್ಷೇಪಣೆ ತೆಗೆಯಬಹುದು: “ನಮ್ಮ ಮನೆಯ ಇನ್ವರ್ಟರಿನ ಬ್ಯಾಟರಿಯಲ್ಲಿ ಇರುವುದೂ ಗಂಧಕಾಮ್ಲವೇ. ಅದು ಕಡಿಮೆಯಾದಾಗ ಅಪ್ಪ ಮೇಲಿನಿಂದ ಭಟ್ಟಿಯಿಳಿಸಿದ ನೀರು ಹೊಯ್ಯುತ್ತಾರಲ್ಲ?” ಹೌದು, ಅದು ಆಮ್ಲಕ್ಕೆ ನೀರು ಹೊಯ್ದಂತೆಯೇ. ಆದರೆ ಬ್ಯಾಟರಿಯಲ್ಲಿರುವ ದ್ರಾವಣದಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಮಾತ್ರ ಆಮ್ಲ, ಉಳಿದುದೆಲ್ಲ ನೀರು. ಆ ಆಮ್ಲದ ದಾಹವು ಕಾರ್ಖಾನೆಯಲ್ಲಿಯೇ ಬಹುಮಟ್ಟಿಗೆ ಹಿಂಗಿಹೋಗಿರುತ್ತದೆ. ಅದು ಕೊಡಬಹುದಾಗಿದ್ದ ಉಷ್ಣದ ಬಹುಭಾಗ ಆಗಲೇ ಹೊರಟುಹೋಗಿರುತ್ತದೆ. ಹೊಸದಾಗಿ ಹೊಯ್ದ ನೀರಿನಿಂದ ಹುಟ್ಟುವ ಬಿಸಿ ಅತ್ಯಲ್ಪ. ನಿಯಮವು ದಟ್ಟ ಆಮ್ಲಕ್ಕೆ ಸಂಬಂಧಿಸಿದ್ದು ಎಂಬುದಕ್ಕೆ ಇದೇ ಸಾಕ್ಷಿ. ಆದರೂ ಬ್ಯಾಟರಿಯ ದ್ರಾವಣ ಬಟ್ಟೆಯನ್ನು ತೂತುಮಾಡುತ್ತದೆ, ಕಣ್ಣಿಗೆ ಬಿದ್ದರೆ ಹಾನಿ ಮಾಡುತ್ತದೆ. ಅಪ್ಪನ ಬಗಲಿಗೆ ಬಗ್ಗಿ ಇಣುಕಬೇಡಿರಿ.

ಈಗ ಕೆಲಸಕ್ಕೆ ತೊಡಗೋಣ. ಸತುವಿನ ಚೂರುಗಳಿಂದ ಜಲಜನಕವನ್ನು ತಯಾರಿಸುವ ಪ್ರಯೋಗಕ್ಕಾಗಿ ಅರ್ಧ ಲೀಟರು, ಒಂದು ಮೋಲಾರ್ ಗಂಧಕಾಮ್ಲ ಬೇಕಾಗಿದೆ ಎಂದಿಟ್ಟುಕೊಳ್ಳಿ. ಎಷ್ಟು ದಟ್ಟ ಆಮ್ಲ ತೆಗೆದುಕೊಳ್ಳಬೇಕು? ಒಂದು ಲೀಟರು ದಟ್ಟ ಆಮ್ಲದ ತೂಕ ೧,೮೪೦ ಗ್ರಾಂ. ಅದರಲ್ಲಿ ನೂರಕ್ಕೆ ೯೮ ಪಾಲು ಆಮ್ಲವೆಂದರೆ ಸುಮಾರು ೧,೮೦೩ ಗ್ರಾಂ. ಗಂಧಕಾಮ್ಲದ ಒಂದು ಮೋಲಿನ ತೂಕ ೯೮ ಗ್ರಾಂ. ಭಾಗಿಸಿದರೆ ಲೀಟರಿಗೆ ೧೮.೪ ಮೋಲ್. ನಮಗೆ ಬೇಕಾದುದು ಅರ್ಧ ಮೋಲ್. ಆದುದರಿಂದ ೫೦೦ನ್ನು ೧೮.೪ರಿಂದ ಭಾಗಿಸಿ ಬಂದ ೨೭ ಮಿಲಿಲೀಟರು ಸಾಕು. ಈ ಲೆಕ್ಕವನ್ನು ಬಾಟಲಿಯ ಮುಚ್ಚಳ ತೆರೆಯುವ ಮೊದಲೇ ಕಾಗದದ ಮೇಲೆ ಮುಗಿಸಿರಬೇಕು. ತೆರೆದ ಬಾಟಲಿಯನ್ನು ಎದುರಿಗಿಟ್ಟುಕೊಂಡು ಗುಣಾಕಾರ ಭಾಗಾಕಾರ ಮಾಡುವವರನ್ನು ನಾನು ಕಂಡಿದ್ದೇನೆ.

ಕಣ್ಣಿಗೆ ರಕ್ಷಣೆಯ ಕನ್ನಡಕ, ಮೈಮೇಲೆ ಏಪ್ರನ್, ಕೈಗೆ ರಬ್ಬರಿನ ಕೈಚೀಲ, ಕಾಲಿಗೆ ಬೆರಳು ಮುಚ್ಚುವ ಬೂಟು. ಉದ್ದ ಜಡೆಯವರು ಜಡೆಯನ್ನು ಹಿಂದಕ್ಕೆ ಕಟ್ಟಿಕೊಳ್ಳಲಿ. ಒಂದು ಲೀಟರು ಹಿಡಿಯುವ, ಬಿಸಿಯನ್ನು ತಡೆಯಬಲ್ಲ ಬೋರೋಸಿಲಿಕೇಟ್ ಗಾಜಿನ ಬೀಕರನ್ನು ತೆಗೆದುಕೊಳ್ಳಿ. ಅಳತೆಯ ಸಿಲಿಂಡರಿನಲ್ಲಿಯಾಗಲಿ, ದಪ್ಪ ಗಾಜಿನ ಸಾಮಾನ್ಯ ಬಾಟಲಿಯಲ್ಲಿಯಾಗಲಿ ಬೆರೆಸಕೂಡದು. ಒಳಮೈ ಒಮ್ಮೆಲೇ ಕಾದು ಹಿಗ್ಗಿದಾಗ ಹೊರಮೈ ತಣ್ಣಗೇ ಇರುವುದರಿಂದ ಅಂತಹ ಗಾಜು ಸೀಳಿಬಿಡುತ್ತದೆ. ಬೀಕರನ್ನು ತಣ್ಣೀರಿನ ಬೋಗುಣಿಯಲ್ಲಿ ಕೂರಿಸಿ, ಅದರೊಳಕ್ಕೆ ಸುಮಾರು ೪೦೦ ಮಿಲಿಲೀಟರು ತಣ್ಣನೆಯ ಭಟ್ಟಿಯಿಳಿಸಿದ ನೀರನ್ನು ಮೊದಲು ಹಾಕಿರಿ. ಮೊದಲು ಎಂಬ ಶಬ್ದಕ್ಕೆ ಅಡಿಗೆರೆ ಎಳೆದಿದೆಯೆಂದು ಭಾವಿಸಿರಿ. ಆಮೇಲೆ, ಒಣಗಿದ ಚಿಕ್ಕ ಸಿಲಿಂಡರಿನಲ್ಲಿ ೨೭ ಮಿಲಿಲೀಟರು ಆಮ್ಲವನ್ನು ಅಳೆಯಿರಿ. ಒಣಗಿದ ಎಂದದ್ದೇಕೆಂಬುದನ್ನು ನೀವೇ ಊಹಿಸಬಲ್ಲಿರಿ: ತಳದಲ್ಲಿ ನಾಲ್ಕು ಹನಿ ನೀರಿದ್ದರೆ ನಿಯಮವನ್ನು ಅಲ್ಲಿಯೇ ಮುರಿದಂತಾಯಿತು. ಪಿಪೆಟ್ಟನ್ನು ಬಾಯಿಯಿಂದ ಹೀರುವ ಹಳೆಯ ಪದ್ಧತಿಯನ್ನು ಆಮ್ಲದ ಹತ್ತಿರ ತರಲೇಬಾರದು. ರಬ್ಬರಿನ ಬಲ್ಬು ಇರುವುದು ಅದಕ್ಕಾಗಿಯೇ.

ಆಮ್ಲವನ್ನು ಗಾಜಿನ ಕಡ್ಡಿಯ ಗುಂಟ ಸಣ್ಣ ಧಾರೆಯಾಗಿ, ಐದಾರು ಕಂತುಗಳಲ್ಲಿ, ನೀರಿಗೆ ಇಳಿಸಿರಿ. ಪ್ರತಿ ಕಂತಿನ ತರುವಾಯವೂ ಚೆನ್ನಾಗಿ ಕಲಕಬೇಕು. ಈ ಕಲಕುವ ಮಾತನ್ನು ಹಲಗೆಯ ಮೇಲೆ ಬರೆದಿಲ್ಲ. ಅದು ಹಲಗೆಯ ದೋಷವೆಂದೇ ನನ್ನ ಅಭಿಪ್ರಾಯ. ನೀರಿಗೆ ಆಮ್ಲವನ್ನೇ ಹಾಕಿದರೂ ಕಲಕದೆ ಬಿಟ್ಟರೆ, ಭಾರವಾದ ಆಮ್ಲವು ತಳದಲ್ಲಿ ಒಂದು ಪದರವಾಗಿ ಕೂರುತ್ತದೆ. ಮೇಲಿನಿಂದ ನೋಡುವವರಿಗೆ ಎಲ್ಲವೂ ಶಾಂತವಾಗಿ ಕಾಣುತ್ತದೆ. ಹತ್ತು ನಿಮಿಷದ ಮೇಲೆ ಯಾರೋ ಬೀಕರನ್ನು ಎತ್ತಿ ಅಲುಗಿಸುತ್ತಾರೆ. ಆಗ ಇಡೀ ಪದರವು ಒಮ್ಮೆಲೇ ನೀರಿನೊಡನೆ ಬೆರೆತು, ಸಂಗ್ರಹವಾಗಿದ್ದ ಉಷ್ಣವೆಲ್ಲ ಒಟ್ಟಿಗೆ ಹೊರಬೀಳುತ್ತದೆ. ಸರಿಯಾದ ಕ್ರಮದಲ್ಲಿ ಬೆರೆಸಿಯೂ ಅಪಘಾತಕ್ಕೆ ಗುರಿಯಾಗುವ ದಾರಿ ಇದು.

ನಮ್ಮ ಈ ತೆಳು ದ್ರಾವಣದಲ್ಲಿ ಬೋಗುಣಿಯ ತಣ್ಣೀರಿಲ್ಲದಿದ್ದರೆ ಉಷ್ಣತೆ ಒಟ್ಟು ೧೬-೧೭ ಡಿಗ್ರಿ ಏರೀತು. ಮುಂಬಯಿಯ ಸೆಕೆಗೆ ಮೂವತ್ತು ಡಿಗ್ರಿಯಲ್ಲಿರುವ ನೀರು ನಲವತ್ತಾರು-ನಲವತ್ತೇಳಕ್ಕೆ ಬರುತ್ತದೆ. ಸ್ನಾನದ ನೀರಿಗಿಂತ ಸ್ವಲ್ಪ ಹೆಚ್ಚು. ಆದರೆ ಇದನ್ನೇ ನೆಚ್ಚಿಕೊಂಡು, ಆಮ್ಲ ನೀರು ಸಮಪಾಲಾಗಿರುವ ದ್ರಾವಣವನ್ನು ಅದೇ ಧೈರ್ಯದಿಂದ ಮಾಡಹೊರಟರೆ ಮೋಸಹೋಗುತ್ತೀರಿ. ಸಮ ಅಳತೆಯಲ್ಲಿ ಬೇಗನೆ ಬೆರೆಸಿದರೆ ಉಷ್ಣತೆ ೧೦೦ ಡಿಗ್ರಿಯನ್ನೂ ದಾಟಿಹೋಗುತ್ತದೆ. ಅಂತಹ ಕೆಲಸ ವಿದ್ಯಾರ್ಥಿಗಳದಲ್ಲ. ಪಾತ್ರೆ ಬಿಸಿಯಾಯಿತೆಂದು ತೋರಿದೊಡನೆ ಸುರಿಯುವುದನ್ನು ನಿಲ್ಲಿಸಿ, ತಣಿಯುವವರೆಗೆ ಕಾಯುವುದೇ ಲೇಸು. ಆಮ್ಲವೆಲ್ಲ ಮುಗಿದು ದ್ರಾವಣವು ಕೋಣೆಯ ಉಷ್ಣತೆಗೆ ಇಳಿದ ಮೇಲೆಯೇ ೫೦೦ ಮಿಲಿಲೀಟರಿನ ಗೆರೆಗೆ ನೀರು ತುಂಬಬೇಕು. ಬಿಸಿಯಿರುವಾಗ ತುಂಬಿದರೆ ತಣಿದ ಮೇಲೆ ದ್ರವ ಕುಗ್ಗಿ ಗೆರೆಯಿಂದ ಕೆಳಗಿಳಿದಿರುತ್ತದೆ. ಈ ಹೊತ್ತಿಗೆ ಬೀಕರಿನಲ್ಲಿರುವುದು ತೆಳು ಆಮ್ಲ. ಅದಕ್ಕೆ ನೀರು ಸೇರಿಸಿದರೆ ಭಯವಿಲ್ಲವೆಂಬುದನ್ನು ಬ್ಯಾಟರಿಯ ಪ್ರಸಂಗದಲ್ಲಿ ಹೇಳಿದ್ದೇನೆ.

ಇಷ್ಟೆಲ್ಲ ಬಲ್ಲವನೇ ನಿಯಮವನ್ನು ಮುರಿಯುವುದು ಹೇಗೆಂಬುದಕ್ಕೆ ನನ್ನದೇ ಉದಾಹರಣೆ ಉಂಟು. ನಾನು ಬಿ.ಎಸ್‌ಸಿ. ಎರಡನೆಯ ವರ್ಷದಲ್ಲಿ ಓದುತ್ತಿದ್ದೆನು. ಒಂದು ಸಂಜೆ ಮರುದಿನದ ತರಗತಿಗಾಗಿ ತೆಳು ಗಂಧಕಾಮ್ಲವನ್ನು ತಯಾರಿಸುವ ಕೆಲಸ ನನ್ನ ಪಾಲಿಗೆ ಬಂದಿತು. ಎಲ್ಲವನ್ನೂ ಕ್ರಮವಾಗಿಯೇ ಮಾಡಿದೆನು. ನೀರು ಮೊದಲು, ಆಮ್ಲ ಆಮೇಲೆ, ಸಣ್ಣ ಧಾರೆ, ಕಲಕುವುದು. ದ್ರಾವಣ ಸಿದ್ಧವಾಯಿತು. ಕೆಲಸ ಮುಗಿಯಿತೆಂಬ ಸಂತೋಷದಲ್ಲಿ, ಆಮ್ಲ ಅಳೆದಿದ್ದ ಸಿಲಿಂಡರನ್ನು ತೊಳೆದಿಡೋಣವೆಂದು ನಲ್ಲಿಯ ಕೆಳಗೆ ಹಿಡಿದು ನಲ್ಲಿಯನ್ನು ತಿರುಗಿಸಿದೆನು. ಗಂಧಕಾಮ್ಲ ಎಣ್ಣೆಯಂತೆ ಜಿಗುಟೆಂದು ಹೇಳಿದೆನಷ್ಟೆ? ಬಗ್ಗಿಸಿದ ಮಾತ್ರಕ್ಕೆ ಅದು ಪೂರ್ತಿ ಇಳಿದುಹೋಗುವುದಿಲ್ಲ. ಒಳಗೋಡೆಗೆ ಅಂಟಿಕೊಂಡದ್ದು ಮೆಲ್ಲಗೆ ಜಾರಿ ತಳದಲ್ಲಿ ಸೇರುತ್ತದೆ. ಹಾಗೆ ಸೇರಿದ್ದ ಎರಡು ಮೂರು ಮಿಲಿಲೀಟರು ದಟ್ಟ ಆಮ್ಲದ ಮೇಲೆ ನಲ್ಲಿಯ ನೀರು ಬಿದ್ದಿತು. ಚಟ್ಟೆಂಬ ಶಬ್ದವನ್ನು ಕೇಳಿದ್ದು ನೆನಪಿದೆ. ಬಲಗೈಯ ಮಣಿಕಟ್ಟಿನ ಮೇಲೆಯೂ ಎಡಗೆನ್ನೆಯ ಮೇಲೆಯೂ ಕೆಂಡ ತಾಕಿದಂತಾಯಿತು. ಪಕ್ಕದಲ್ಲಿದ್ದ ಗೆಳೆಯನು ಒಂದು ಮಾತೂ ಆಡದೆ ನನ್ನ ಕತ್ತನ್ನು ಹಿಡಿದು ಬಗ್ಗಿಸಿ, ಮುಖವನ್ನೂ ಕೈಯನ್ನೂ ಅದೇ ನಲ್ಲಿಯ ಕೆಳಗೆ ಒಡ್ಡಿ, ನಾನು ಸಾಕೆಂದು ಗೋಗರೆದರೂ ಬಿಡದೆ ಇಪ್ಪತ್ತು ನಿಮಿಷ ನೀರು ಹರಿಸಿದನು. ಕೆನ್ನೆಯ ಕಲೆ ಕೆಲವು ತಿಂಗಳಲ್ಲಿ ಮಾಸಿತು. ಮಣಿಕಟ್ಟಿನದು ಇಂದಿಗೂ ಇದೆ. ಬೇಕಾದವರು ಬಂದು ನೋಡಬಹುದು. ಕನ್ನಡಕವನ್ನು ತೆಗೆದು ನೋಡಿದಾಗ ಎಡಗಣ್ಣಿನ ಗಾಜಿನ ಮೇಲೆ, ಸರಿಯಾಗಿ ಕಣ್ಣುಗುಡ್ಡೆಯ ಎದುರಿಗೆ, ಎರಡು ಹನಿಗಳು ನಿಂತಿದ್ದವು.

ನಮ್ಮ ಪ್ರಾಧ್ಯಾಪಕರು ಗದರಲಿಲ್ಲ. “ಸಿಲಿಂಡರು ಖಾಲಿಯಾಗಿದೆಯೆಂದು ನಿನಗೆ ಹೇಳಿದವರು ಯಾರು?” ಎಂದಷ್ಟೇ ಕೇಳಿದರು.

ಇಲ್ಲಿ ಮತ್ತೊಂದು ಪ್ರಶ್ನೆ ಏಳುವುದು ಸಹಜ. ಆಮ್ಲಕ್ಕೆ ನೀರು ತಾಕಿದರೆ ಉಷ್ಣ ಹುಟ್ಟುತ್ತದೆಂದ ಮೇಲೆ, ಚರ್ಮದ ಮೇಲೆ ಬಿದ್ದ ಆಮ್ಲಕ್ಕೆ ನೀರು ಸುರಿಯುವುದು ಸರಿಯೇ? ಗೆಳೆಯನು ಮಾಡಿದ್ದು ಹಲಗೆಯ ನಿಯಮಕ್ಕೆ ವಿರೋಧವಲ್ಲವೇ? ಅಲ್ಲ. ಮೇಲೆ ಮಾಡಿದ ಲೆಕ್ಕವನ್ನೇ ಮತ್ತೊಮ್ಮೆ ನೋಡಿರಿ. ಚರ್ಮದ ಮೇಲಿರುವುದು ಕೆಲವೇ ಹನಿ ಆಮ್ಲ. ನಲ್ಲಿಯಿಂದ ಹರಿಯುವುದು ಲೀಟರುಗಟ್ಟಲೆ ನೀರು. ಹುಟ್ಟಿದ ಅಲ್ಪ ಉಷ್ಣವನ್ನೂ ಆಮ್ಲವನ್ನೂ ಹರಿಯುವ ನೀರು ಆ ಕ್ಷಣವೇ ಕೊಚ್ಚಿಕೊಂಡುಹೋಗುತ್ತದೆ. ಅಪಾಯವಿರುವುದು ಅಲ್ಪ ನೀರಿನಲ್ಲಿ. ಒದ್ದೆ ಬಟ್ಟೆಯಿಂದ ಒರಸುವುದು, ನಾಲ್ಕು ಹನಿ ಚಿಮುಕಿಸುವುದು, ಇವೇ ತಪ್ಪು. ಧಾರಾಳವಾಗಿ, ತಡಮಾಡದೆ, ಹದಿನೈದು ಇಪ್ಪತ್ತು ನಿಮಿಷಗಳವರೆಗೆ ನೀರು ಹರಿಯಬೇಕು. ಆಮ್ಲ ಬಿದ್ದ ಬಟ್ಟೆಯನ್ನು ನಾಚಿಕೆ ಬಿಟ್ಟು ಒಡನೆಯೇ ಕಳಚಬೇಕು. ಕಣ್ಣಿಗೆ ಬಿದ್ದಿದ್ದರೆ ರೆಪ್ಪೆಗಳನ್ನು ಬೆರಳಿನಿಂದ ಅಗಲಿಸಿ ಹಿಡಿದು ತೊಳೆಯಬೇಕು. ಬಳಿಕ ಎಷ್ಟೇ ಹಿತವೆನಿಸಿದರೂ ವೈದ್ಯರ ಬಳಿಗೆ ಹೋಗಲೇಬೇಕು. ಅಡುಗೆ ಸೋಡಾ ಆಮ್ಲವನ್ನು ಶಮನಗೊಳಿಸುತ್ತದೆಂದು ಪುಸ್ತಕದಲ್ಲಿ ಓದಿ ಅದನ್ನು ಕಣ್ಣಿಗೋ ಗಾಯಕ್ಕೋ ಹಚ್ಚಬಾರದು. ಅದನ್ನು ಹುಡುಕಿ ತರುವಷ್ಟರಲ್ಲಿ ಆಮ್ಲವು ತನ್ನ ಕೆಲಸವನ್ನು ಮುಗಿಸಿರುತ್ತದೆ. ಶಮನವಾಗುವಾಗಲೂ ಉಷ್ಣ ಹುಟ್ಟುತ್ತದೆ. ಸೋಡಾಕ್ಕೆ ಸ್ಥಾನ ನೆಲದ ಮೇಲೆ ಚೆಲ್ಲಿದ ಆಮ್ಲದ ಮೇಲೆ.

ಉಳಿದ ಎರಡು ಬಾಟಲಿಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಿ ಮುಂದೆ ಹೋಗುತ್ತೇನೆ. ದಟ್ಟ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ತೂಕದಲ್ಲಿ ನೂರಕ್ಕೆ ೩೭ರ ಸುಮಾರು ಮಾತ್ರ ಆಮ್ಲ. ಉಳಿದುದು ಆಗಲೇ ನೀರು. ಹಾಗಾಗಿ ಬಿಸಿ ಅಷ್ಟು ಭೀಕರವಲ್ಲ. ಆದರೆ ಮುಚ್ಚಳ ತೆಗೆದೊಡನೆ ಮೂಗು ಗಂಟಲುಗಳನ್ನು ಉರಿಸುವ ಹೊಗೆ ಏಳುತ್ತದೆ. ನೈಟ್ರಿಕ್ ಆಮ್ಲವು ನೂರಕ್ಕೆ ಸುಮಾರು ೭೦ ಪಾಲಿನದು. ಬೆಳಕು ತಾಕಿದರೆ ಕೆಡುವುದರಿಂದ ಕಂದು ಬಣ್ಣದ ಬಾಟಲಿಯಲ್ಲಿರುತ್ತದೆ, ಚರ್ಮಕ್ಕೆ ತಗುಲಿದರೆ ಹಳದಿಯ ಕಲೆ ಮಾಡುತ್ತದೆ. ಮುಂಬಯಿಯ ಝವೇರಿ ಬಜಾರಿನ ಗಲ್ಲಿಗಳಲ್ಲಿ ಚಿನ್ನವನ್ನು ಪರೀಕ್ಷಿಸುವವರ ಬೆರಳುಗಳನ್ನು ಗಮನಿಸಿದರೆ ಆ ಹಳದಿ ಕಂಡೀತು. ಇವೆರಡನ್ನೂ ಹೊಗೆ ಎಳೆದುಕೊಳ್ಳುವ ಕಪಾಟಿನಲ್ಲಿ, ಅದಿಲ್ಲದಿದ್ದರೆ ಕಿಟಕಿ ಬಾಗಿಲುಗಳನ್ನು ತೆರೆದು, ಅದೇ ಕ್ರಮದಲ್ಲಿ ನೀರಿಗೆ ಸೇರಿಸಬೇಕು. ಕಾಸ್ಟಿಕ್ ಸೋಡಾ ಆಮ್ಲವಲ್ಲವಾದರೂ ಅದೂ ನೀರಿನಲ್ಲಿ ಕರಗುವಾಗ ಬಹಳ ಕಾಯುತ್ತದೆ. ಅದರ ಗುಳಿಗೆಗಳನ್ನೂ ನೀರಿಗೆ ಹಾಕಬೇಕೇ ಹೊರತು ಗುಳಿಗೆಗಳ ಮೇಲೆ ನೀರು ಹೊಯ್ಯಬಾರದು.

ಮನೆಯ ಮಾತನ್ನೂ ಒಂದಿಷ್ಟು ಆಡದೆ ಇರಲಾರೆ. ಪಾಯಖಾನೆ ತೊಳೆಯಲು ತರುವ ‘ಆಸಿಡ್’ ಬಹುಮಟ್ಟಿಗೆ ಹೈಡ್ರೊಕ್ಲೋರಿಕ್ ಆಮ್ಲವೇ. ಅಂಗಡಿಗಳಲ್ಲಿ ಆಮ್ಲವನ್ನು ಬೇಕಾದವರಿಗೆಲ್ಲ ಮಾರುವುದಕ್ಕೆ ಸುಪ್ರೀಂ ಕೋರ್ಟು ೨೦೧೩ರಲ್ಲಿ ಕಟ್ಟುನಿಟ್ಟಿನ ನಿರ್ಬಂಧಗಳನ್ನು ವಿಧಿಸಿತು. ಆದರೂ ಮನೆಯೊಳಕ್ಕೆ ಬಂದ ಬಾಟಲಿಯನ್ನು ಕಾಯುವ ಹೊಣೆ ಮನೆಯವರದೇ. ಅದನ್ನು ಬ್ಲೀಚಿಂಗ್ ಪುಡಿಯೊಡನೆ ಬೆರೆಸಿದರೆ ಹೆಚ್ಚು ಬೆಳ್ಳಗಾಗುತ್ತದೆಂದು ತಿಳಿದವರುಂಟು. ಹಾಗೆ ಬೆರೆಸಿದಾಗ ಹೊರಡುವುದು ಕ್ಲೋರಿನ್ ಎಂಬ ವಿಷವಾಯು; ಚಾಳಿನ ಕಿರಿದಾದ, ಕಿಟಕಿಯಿಲ್ಲದ ಪಾಯಖಾನೆಯಲ್ಲಿ ಅದು ಪ್ರಾಣಾಂತಕವಾಗಬಹುದು. ತಂಪುಪಾನೀಯದ ಹಳೆಯ ಬಾಟಲಿಯಲ್ಲಿ ಆಮ್ಲವನ್ನು ತುಂಬಿ ಮೂಲೆಯಲ್ಲಿಡುವ ಅಭ್ಯಾಸ ನಿಮ್ಮ ಮನೆಯಲ್ಲಿದ್ದರೆ, ಈ ಸಂಜೆಯೇ ತಾಯಿಗೆ ಹೇಳಿ ತಪ್ಪಿಸಿರಿ. ಚಿಕ್ಕ ಮಕ್ಕಳು ಬಾಟಲಿಯ ಆಕಾರವನ್ನು ನೋಡುತ್ತವೆ, ಚೀಟಿಯನ್ನು ಓದುವುದಿಲ್ಲ.

ಶಾಲೆಯಲ್ಲಿ ಮಾತ್ರ ಚೀಟಿ ಇರಲೇಬೇಕು. ತಯಾರಿಸಿದ ದ್ರಾವಣದ ಮೇಲೆ ಆಮ್ಲದ ಹೆಸರು, ಅದರ ಸಾಂದ್ರತೆ, ತಯಾರಿಸಿದ ದಿನಾಂಕ ಇಷ್ಟನ್ನು ಬರೆದು, ಕೆಳಗಿನ ಅರೆಯಲ್ಲಿ ಇಡಿರಿ. ಕಣ್ಣಿನ ಮಟ್ಟಕ್ಕಿಂತ ಮೇಲೆ ಆಮ್ಲದ ಬಾಟಲಿ ಇರಕೂಡದು. ಅಳೆದ ಸಿಲಿಂಡರನ್ನು ಬೀಕರಿನ ಮೇಲೆ ಎರಡು ನಿಮಿಷ ವಾಲಿಸಿ ಹಿಡಿದು, ಒಳಗೋಡೆಯಿಂದ ಇಳಿಯುವುದನ್ನೆಲ್ಲ ಇಳಿಯಗೊಟ್ಟು, ಆನಂತರ ನಲ್ಲಿಯ ಬಳಿಗೆ ಒಯ್ಯದೆ ಹಲಗೆಯ ಕೆಳಗಿರುವ ನೀಲಿ ಬಕೆಟ್ಟಿನ ನೀರಿನಲ್ಲಿ ಮೆಲ್ಲನೆ ಅಡ್ಡಲಾಗಿ ಮುಳುಗಿಸಿರಿ. ಬಕೆಟ್ಟಿನ ತುಂಬ ನೀರು, ಸಿಲಿಂಡರಿನಲ್ಲಿ ಎರಡು ಹನಿ ಆಮ್ಲ. ಅಲ್ಲಿ ಸಹ ಆಮ್ಲವೇ ನೀರಿಗೆ ಹೋಗುತ್ತದೆ. ಆ ಬಕೆಟ್ಟನ್ನು ಪ್ರತಿದಿನ ಬೆಳಿಗ್ಗೆ ಬರಿದುಮಾಡಿ ಹೊಸ ನೀರು ತುಂಬಿಸುವ ಸರದಿಯ ಪಟ್ಟಿಯು ಬಾಗಿಲಿನ ಹಿಂದೆ ತೂಗುಹಾಕಿದೆ. ಜೂನ್ ತಿಂಗಳಿನಿಂದ ಅದರಲ್ಲಿ ಹತ್ತನೆಯ ತರಗತಿಯವರ ಹೆಸರುಗಳಿರುತ್ತವೆ.